ಪುಸ್ತಕದ ವಯಸ್ಸು

ಅಚ್ಚಾದ ವರ್ಷ ನೋಡಿ ನಾನು ಕೊಳ್ಳುವ ಪುಸ್ತಕವೆಂದರೆ ಪಂಚಾಂಗ ಒಂದೇ. ಯುಗಾದಿಗೆ ನಾಲ್ಕು ದಿನ ಮುಂಚೆ ಮಾರ್ಕೆಟ್ಟಿನ ಬಳಿ ಹೋಗಿ, ಹೊದಿಕೆಯ ಮೇಲಿನ ಸಂವತ್ಸರದ ಹೆಸರನ್ನು ಕನ್ನಡಕ ಸರಿಮಾಡಿಕೊಂಡು ಓದಿ, ನಂಬಿಕೆ ಸಾಲದೆ ಅಂಗಡಿಯವನನ್ನೂ ಒಂದು ಮಾತು ಕೇಳಿ, ಆಮೇಲೆ ಚೀಲಕ್ಕೆ ಹಾಕಿಕೊಳ್ಳುತ್ತೇನೆ. ಹೋದ ವರ್ಷದ ಪಂಚಾಂಗದಿಂದ ಯಾರಿಗೂ ಪ್ರಯೋಜನವಿಲ್ಲ. ನಮ್ಮ ಮನೆಯಲ್ಲಿ ಅದನ್ನು ಕಿಟಕಿ ಬಡಿದುಕೊಳ್ಳದಂತೆ ಸಂದಿಗೆ ಮಡಿಸಿ ಇಡುತ್ತಾರೆ. ಆದರೆ ಉಳಿದ ಪುಸ್ತಕಗಳಿಗೂ ಒಂದು ವಯಸ್ಸಿರುತ್ತದೆ, ಅದನ್ನೂ ವಿಚಾರಿಸಬೇಕು ಎಂದು ನನಗೆ ಹೊಳೆದದ್ದು ನಲವತ್ತಾರನೆಯ ವಯಸ್ಸಿನಲ್ಲಿ, ಅದೂ ಇನ್ನೊಬ್ಬರ ಕೆಲಸಕ್ಕೆ ಸಂಚಕಾರ ತಂದ ಮೇಲೆ.

ನಾನು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಂಡಿತ. ನಮ್ಮ ಕಸುಬಿನಲ್ಲಿ ಹಳೆಯದಕ್ಕೇ ಮರ್ಯಾದೆ. ಒಂದು ಪದ್ಯಕ್ಕೆ ಎರಡು ಪಾಠಾಂತರಗಳು ಸಿಕ್ಕಿದರೆ ಯಾವ ಓಲೆಯ ಪ್ರತಿ ಹಳೆಯದು ಎಂದು ಮೊದಲು ಕೇಳುತ್ತೇವೆ. ಹಳೆಯದು ಗೆದ್ದ ಹಾಗೆಯೇ. ಮುನ್ನೂರು ವರ್ಷದ ಹಿಂದಿನ ಕವಿ ನಮಗೆ ಇತ್ತೀಚಿನವನು. ಬದುಕಿರುವ ಕವಿಯ ವಿಷಯದಲ್ಲಿ ನಾವಿನ್ನೂ ತೀರ್ಮಾನಕ್ಕೆ ಬಂದಿರುವುದಿಲ್ಲ. ಇದು ತಪ್ಪೆಂದು ನಾನು ಹೇಳುತ್ತಿಲ್ಲ. ಗ್ರಂಥವನ್ನು ನಕಲು ಮಾಡುವವನು ಪ್ರತಿ ಸಲವೂ ಒಂದೆರಡು ತಪ್ಪು ಸೇರಿಸುತ್ತಾನಾದ್ದರಿಂದ ಹಿಂದೆ ಹಿಂದೆ ಹೋದಷ್ಟೂ ತಪ್ಪು ಕಡಿಮೆ. ವಿಜ್ಞಾನದಲ್ಲಿ ಇದು ತಲೆಕೆಳಗು ಎಂದು ಕೇಳಿದ್ದೆ. ಅಲ್ಲಿ ಮುಂದೆ ಮುಂದೆ ಬಂದಷ್ಟೂ ತಪ್ಪು ಕಡಿಮೆಯಾಗುತ್ತದಂತೆ. ಎರಡು ನಿಯಮಗಳೂ ಬಾಯಿಪಾಠವಾಗಿದ್ದುದರಿಂದ ಯಾವ ವಿಷಯಕ್ಕಾದರೂ ಪುಸ್ತಕ ಆರಿಸಬಲ್ಲೆನೆಂಬ ಧೈರ್ಯ ನನಗಿತ್ತು.

ರಷ್ಯದವರು ಆಕಾಶಕ್ಕೆ ಉಪಗ್ರಹ ಹಾರಿಸಿದ ವರ್ಷ ಅದು. ಊರಿನಲ್ಲಿ ಜನ ಸಂಜೆಯಾದರೆ ಮಹಡಿ ಹತ್ತಿ ನಿಂತು ಕತ್ತು ನೋಯಿಸಿಕೊಳ್ಳುತ್ತಿದ್ದರು. ನಮ್ಮ ಬೀದಿಯಲ್ಲಿ ಅದನ್ನು ಕಣ್ಣಾರೆ ಕಂಡೆವೆಂದವರು ಐದಾರು ಮಂದಿ. ಒಬ್ಬೊಬ್ಬರು ಒಂದೊಂದು ದಿಕ್ಕಿನಲ್ಲಿ ಕಂಡಿದ್ದರು. ಆ ಚಳಿಗಾಲದಲ್ಲಿ ಸುತ್ತಲ ಹಳ್ಳಿಗಳ ಪ್ರೈಮರಿ ಶಾಲೆಯ ಉಪಾಧ್ಯಾಯರಿಗಾಗಿ ನಮ್ಮ ಸ್ಕೂಲಿನಲ್ಲಿ ಒಂದು ವಾರದ ಶಿಬಿರ ನಡೆಯಬೇಕಾಗಿತ್ತು. ಅದರಲ್ಲಿ ಆಕಾಶದ ಬಗ್ಗೆ ಯಾರಾದರೂ ಮಾತನಾಡಲೇಬೇಕೆಂದಾಯಿತು. ಸೈನ್ಸ್ ಮೇಷ್ಟ್ರು ಮಗಳ ಮದುವೆಗೆಂದು ರಜ ಹಾಕಿದ್ದರು. ಹೆಡ್‌ಮಾಸ್ಟರು ನನ್ನನ್ನು ಕರೆದು, “ನಿಮ್ಮ ಕಾವ್ಯದ ತುಂಬ ಸೂರ್ಯ ಚಂದ್ರರೇ ಇರ್ತಾರಲ್ಲ ಪಂಡಿತರೇ, ನೀವೇ ಒಂದು ಗಂಟೆ ಮಾತಾಡಿಬಿಡಿ” ಎಂದರು. ಹದಿನೈದು ದಿನದ ಅವಕಾಶವಿತ್ತು. ಒಪ್ಪಿಕೊಂಡೆ.

ಚಾಮರಾಜಪುರದಲ್ಲಿ ನಾವು ಹತ್ತು ಹನ್ನೆರಡು ಜನ ಗೆಳೆಯರು ಸೇರಿ ನಡೆಸುತ್ತಿದ್ದ ಒಂದು ಪುಟ್ಟ ಪುಸ್ತಕ ಭಂಡಾರವಿತ್ತು. ಒಬ್ಬರ ಮನೆಯ ಹೊರಕೋಣೆ, ಅದರಲ್ಲಿ ನಾಲ್ಕು ಬೀರು. ಆಕಾಶದ ಬಗ್ಗೆ ಅಲ್ಲಿ ಎರಡು ಇಂಗ್ಲಿಷ್ ಪುಸ್ತಕಗಳಿದ್ದುವು. ಒಂದಕ್ಕೆ ಕೆಂಪು ಕ್ಯಾಲಿಕೊ ಬಟ್ಟೆಯ ಬೈಂಡು, ಬೆನ್ನಿನ ಮೇಲೆ ಚಿನ್ನದ ಬಣ್ಣದ ಅಕ್ಷರ. ತೆರೆದರೆ ಮೊದಲಿಗೆ ಬೆಳ್ಳಗಿನ ಹಾಳೆ, ಅಂಟಿನ ವಾಸನೆ. ಇನ್ನೊಂದಕ್ಕೆ ಹೊದಿಕೆಯೇ ಇರಲಿಲ್ಲ. ಹಾಳೆಗಳು ಹಳದಿಯಾಗಿ, ಮೂಲೆ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿದ್ದುವು. ಹೊಲಿಗೆಯ ದಾರ ಹೊರಗೆ ಜೋತಾಡುತ್ತಿತ್ತು.

ಗೊತ್ತಿಲ್ಲದ ವಿಷಯಕ್ಕೆ ಪುಸ್ತಕ ಆರಿಸುವುದರಲ್ಲಿ ಒಂದು ತೊಡಕಿದೆ. ಯಾವ ಪುಸ್ತಕ ಒಳ್ಳೆಯದೆಂದು ಹೇಳಬೇಕಾದರೆ ವಿಷಯ ಗೊತ್ತಿರಬೇಕು. ಗೊತ್ತಿದ್ದರೆ ಪುಸ್ತಕದ ಹಂಗೇ ಇರುವುದಿಲ್ಲ. ಹೀಗಾಗಿ ಏನೂ ತಿಳಿಯದವನು, ತಿಳಿಯದಿದ್ದರೂ ಕಣ್ಣಿಗೆ ಕಾಣುವುದನ್ನು ಹಿಡಿದುಕೊಳ್ಳುತ್ತಾನೆ: ಪುಸ್ತಕದ ದಪ್ಪ, ಚಿತ್ರಗಳು, ಬರೆದವನ ಹೆಸರಿನ ಮುಂದಿನ ಅಕ್ಷರಗಳು. ನಾನು ಬೈಂಡನ್ನು ಹಿಡಿದುಕೊಂಡೆ. ವಿಜ್ಞಾನಕ್ಕೆ ಹೊಸದೇ ಸರಿ ಎಂಬ ನಿಯಮ ಕೈಯಲ್ಲಿತ್ತು, ಹೊಸದು ಯಾವುದೆಂಬುದು ಕಣ್ಣೆದುರಿಗೆ ಕೆಂಪಗೆ ಕಾಣುತ್ತಿತ್ತು. ಹರಿದದ್ದನ್ನು ಬೀರುವಿಗೆ ಹಿಂದಕ್ಕೆ ಸೇರಿಸಿ ಮನೆಗೆ ಬಂದೆ.

ಆ ಕೆಂಪು ಪುಸ್ತಕ ಎಷ್ಟು ಚೆನ್ನಾಗಿತ್ತೆಂದು ಈಗಲೂ ಹೇಳಬೇಕೆನಿಸುತ್ತದೆ. ಓದುವವನಿಗೆ ಏನೂ ತಿಳಿಯದೆಂಬುದು ಅದನ್ನು ಬರೆದಾತನಿಗೆ ಗೊತ್ತಿತ್ತು, ಅದಕ್ಕಾಗಿ ಆತ ಬೇಸರಪಟ್ಟಿರಲಿಲ್ಲ. ಭೂಮಿ ಗುಂಡಗಿದೆ ಎಂದು ಒಂದು ಸಾಲಿನಲ್ಲಿ ಹೇಳಿ ಮುಗಿಸದೆ, ಜನ ಹಿಂದೆ ಏನೆಂದುಕೊಂಡಿದ್ದರು, ಅದರಲ್ಲಿ ಅವರದೇನೂ ದಡ್ಡತನವಿರಲಿಲ್ಲವೇಕೆ, ಆಮೇಲೆ ಅನುಮಾನ ಹೇಗೆ ಹುಟ್ಟಿತು ಎಂದು ಹತ್ತು ಪುಟ ಬರೆದಿದ್ದ. ಒಂದು ದೀಪ ಹಚ್ಚಿ, ಅದರ ಸುತ್ತ ಒಂದು ಹಣ್ಣನ್ನು ಓರೆಯಾಗಿ ಹಿಡಿದು ಸುತ್ತಿಸಿ ನೋಡಿ, ಮಳೆಗಾಲ ಬೇಸಗೆಗಳು ಏಕೆ ಬರುತ್ತವೆಂಬುದು ತಿಳಿಯುತ್ತದೆ ಎಂದಿದ್ದ. ಮನೆಯಲ್ಲಿದ್ದದ್ದು ನಿಂಬೆಹಣ್ಣು. ನಾನು ದೀಪದ ಸುತ್ತ ನಿಂಬೆಹಣ್ಣು ಸುತ್ತಿಸುತ್ತಿದ್ದುದನ್ನು ಕಂಡು ನಮ್ಮ ತಾಯಿ, “ಯಾರಿಗೋ ದೃಷ್ಟಿ ತೆಗೀತಿರೋದು?” ಎಂದು ಕೇಳಿದರು.

ಅದೇ ಹೊತ್ತಿನಲ್ಲಿ ಅವರಿಗೂ ನನಗೂ ಗ್ರಹಗಳ ವಿಷಯದಲ್ಲಿ ಮಾತು ಬಂತು. ಪುಸ್ತಕದಲ್ಲಿ ಗ್ರಹಗಳು ಎಂಟು ಎಂದಿತ್ತು. ತಾಯಿಯವರು ಒಂಬತ್ತು ಎಂದರು. ಅವರ ಪಟ್ಟಿಯಿಂದ ಸೂರ್ಯ, ಚಂದ್ರ, ರಾಹು, ಕೇತು ನಾಲ್ವರನ್ನೂ ತೆಗೆದುಹಾಕಿ, ಭೂಮಿಯನ್ನೂ ಯುರೇನಸ್ ನೆಪ್ಚೂನ್ ಎಂಬ ಇಬ್ಬರು ಹೊಸಬರನ್ನೂ ಸೇರಿಸಿ, ಎಂಟು ಹೇಗಾಗುತ್ತದೆಂದು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, “ಒಂಬತ್ತು ಕಣೋ. ಶನಿವಾರ ಶನಿವಾರ ಪ್ರದಕ್ಷಿಣೆ ಹಾಕೋಳು ನಾನು, ಎಣಿಸಿಲ್ವೇ?” ಎಂದು ಒಳಗೆ ಹೋದರು. ವಿಜ್ಞಾನ ಹರಡುವವರಿಗೆ ಮನೆಯಲ್ಲೇ ಮೊದಲ ವಿರೋಧ ಬರುತ್ತದೆಂದು ನಾನು ಸಮಾಧಾನ ಮಾಡಿಕೊಂಡೆ.

ಈ ಸಂಗತಿಯನ್ನೇ ಉಪನ್ಯಾಸಕ್ಕೆ ಒಗ್ಗರಣೆ ಮಾಡಿದೆ. ಗ್ರಹ ಒಂಬತ್ತು ಎನ್ನುವುದು ಅಜ್ಜಿ ಲೆಕ್ಕ, ಶಾಲೆಯ ಲೆಕ್ಕ ಎಂಟು, ಮಕ್ಕಳಿಗೆ ಮೊದಲು ಈ ವ್ಯತ್ಯಾಸ ಹೇಳಿಕೊಡಿ ಎಂದೆ. ಎಲ್ಲರೂ ನಕ್ಕರು, ನಗುತ್ತಲೇ ಬರೆದುಕೊಂಡರು. ಕೊನೆಯಲ್ಲಿ ಹೆಡ್‌ಮಾಸ್ಟರು ವಂದನೆ ಹೇಳುತ್ತ, ಪಂಡಿತರಲ್ಲಿ ಇಂಥ ವಿಜ್ಞಾನಿ ಅಡಗಿದ್ದಾನೆಂದು ತಮಗೆ ತಿಳಿದಿರಲಿಲ್ಲ ಎಂದರು. ನನಗೂ ತಿಳಿದಿರಲಿಲ್ಲ.

ಎರಡು ತಿಂಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಬಾಗಿಲಿಗೆ ಇಪ್ಪತ್ತೆರಡು ವರ್ಷದ ಒಬ್ಬ ಹುಡುಗಿ ಬಂದಳು. ಹೆಸರು ಪುಟ್ಟಗೌರಮ್ಮ. ನರಸೀಪುರದ ರಸ್ತೆಯ ಒಂದು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯಿನಿ, ಶಿಬಿರದಲ್ಲಿ ಮುಂದಿನ ಸಾಲಿನಲ್ಲಿ ಕೂತು ನನ್ನ ಮಾತನ್ನೆಲ್ಲ ಬರೆದುಕೊಂಡವಳು. ಒಕ್ಕಲು ಮನೆತನ, ಅವರ ಮನೆಯಲ್ಲಿ ಓದಿ ಕೆಲಸಕ್ಕೆ ಸೇರಿದವರಲ್ಲಿ ಇವಳೇ ಮೊದಲು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕೂತ ಮೇಲೆ ಚೀಲದಿಂದ ನೋಟ್‌ಬುಕ್ಕು ತೆಗೆದು, ನಡೆದದ್ದನ್ನು ಹೇಳಿದಳು. ಸ್ಕೂಲ್ ಇನ್ಸ್‌ಪೆಕ್ಟರು ಬಂದಿದ್ದರಂತೆ. ಗ್ರಹಗಳು ಎಷ್ಟು ಎಂದು ಮಕ್ಕಳನ್ನು ಕೇಳಿದರಂತೆ. ಮಕ್ಕಳು ಒಂದೇ ದನಿಯಲ್ಲಿ ಎಂಟು ಎಂದುವಂತೆ. ಒಂಬತ್ತಲ್ಲವೇ ಎಂದು ಇನ್ಸ್‌ಪೆಕ್ಟರು ಇವಳ ಕಡೆ ತಿರುಗಿದಾಗ, ಇವಳು ನಾನು ಹೇಳಿಕೊಟ್ಟದ್ದನ್ನು ಹಾಗೆಯೇ ಒಪ್ಪಿಸಿದ್ದಳು.

“ಒಂಬತ್ತು ಅನ್ನೋದು ಅಜ್ಜಿ ಲೆಕ್ಕ ಸ್ವಾಮಿ ಅಂದ್ಬುಟ್ಟೆ ಸಾರ್. ಅವ್ರ ಮುಖ ಕೆಂಪಗಾಗೋಯ್ತು” ಎಂದಳು.

ವಿಷಯಜ್ಞಾನ ಸಾಲದು, ಮೇಲಿನವರಿಗೆ ಎದುರುತ್ತರ ಕೊಡುತ್ತಾರೆ ಎಂದು ರಿಮಾರ್ಕು ಬಿದ್ದಿತ್ತು. ಕಾಯಂ ಮಾಡುವ ಕಾಗದ ನಿಂತುಹೋಗಿತ್ತು. ಕೆಲಸ ಹೋದರೆ ಅವರಪ್ಪ ಮತ್ತೆ ಮನೆಯಿಂದ ಆಚೆ ಕಳಿಸುವುದಿಲ್ಲ, ಓದಿಸಿದ್ದೇ ದಂಡವಾಯಿತೆಂದು ಆಗಲೇ ಮನೆಯಲ್ಲಿ ಮಾತು ಎದ್ದಿದೆ ಎಂದಳು. ಇಷ್ಟಾದರೂ ಅವಳು ನನ್ನನ್ನು ದೂರಲು ಬಂದಿರಲಿಲ್ಲ. ನನ್ನ ಪುಸ್ತಕವನ್ನು ಒಂದು ದಿನದ ಮಟ್ಟಿಗೆ ಕೊಟ್ಟರೆ ಇನ್ಸ್‌ಪೆಕ್ಟರಿಗೆ ತೋರಿಸಿ ತಂದುಕೊಡುತ್ತೇನೆ ಎಂದು ಕೇಳಲು ಬಂದಿದ್ದಳು.

ನನಗೆ ಹುರುಪು ಬಂತು. ತಾಯಿಯವರಿಗೆ ಅವಳಿಗೆ ಕಾಫಿ ಕೊಡುವಂತೆ ಹೇಳಿ ಪುಸ್ತಕ ಭಂಡಾರಕ್ಕೆ ಹೊರಟೆ. ಒಂದಕ್ಕೆ ಎರಡು ಸಾಕ್ಷಿ ಇರಲೆಂದು ಆ ಹರಿದ ಪುಸ್ತಕವನ್ನೂ ಬೀರುವಿನಿಂದ ತೆಗೆದು ತಿರುವಿದೆ. ಅದರಲ್ಲಿ ಗ್ರಹಗಳು ಒಂಬತ್ತು ಎಂದಿತ್ತು. ಒಂಬತ್ತನೆಯದು ಪ್ಲೂಟೊ, ಕಂಡುಹಿಡಿದು ಇನ್ನೂ ಮೂವತ್ತು ವರ್ಷವಾಗಿಲ್ಲ ಎಂದೂ ಇತ್ತು. ಕೆಂಪು ಪುಸ್ತಕದಲ್ಲಿ ಅಚ್ಚಾದ ವರ್ಷಕ್ಕಾಗಿ ಹುಡುಕಿದೆ. ಮೊದಲ ಹಾಳೆಯೇ ಇರಲಿಲ್ಲ. ಬಿಳಿ ಹಾಳೆಯಾದ ಮೇಲೆ ನೇರವಾಗಿ ಪೀಠಿಕೆಯ ಮೂರನೆಯ ಪುಟ ಬರುತ್ತಿತ್ತು. ಇಡೀ ಪುಸ್ತಕವನ್ನು ಎರಡು ಸಲ ಓದಿದ್ದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮನೆಗೆ ಬಂದು ಪುಟ್ಟಗೌರಮ್ಮನಿಗೆ ಇದನ್ನು ಹೇಳಬೇಕಾಯಿತು. ತಾಯಿಯವರೂ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ಅವರು ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದರು. ಹುಡುಗಿ ನೋಟ್‌ಬುಕ್ಕನ್ನು ಮುಚ್ಚಿ, “ಅಂಗಾರೆ ನಾನು ಮಕ್ಳಿಗೆ ಸುಳ್ಳು ಹೇಳ್ಕೊಟ್ಟಂಗಾಯ್ತಲ್ಲ ಸಾರ್” ಎಂದಳು. ಕೆಲಸದ ಮಾತು ಎತ್ತಿದ್ದರೆ ನಾನು ಏನಾದರೂ ಸಮಾಧಾನ ಹೇಳಬಹುದಾಗಿತ್ತು. ನನಗೆ ಬಹಳ ನಾಚಿಕೆಯಾಯಿತು. ಇನ್ಸ್‌ಪೆಕ್ಟರನ್ನು ನಾನೇ ಹೋಗಿ ಕಾಣುತ್ತೇನೆ ಎಂದು ಹೇಳಿ ಕಳಿಸಿದೆ.

ಅದಕ್ಕೆ ಮುಂಚೆ ಲಷ್ಕರ್ ಮೊಹಲ್ಲಾಕ್ಕೆ ಹೋಗಿ ನಮ್ಮ ಭಂಡಾರಕ್ಕೆ ಬೈಂಡು ಹಾಕಿಕೊಡುತ್ತಿದ್ದ ರಾಮಣ್ಣನನ್ನು ಕಂಡೆ. ತಪ್ಪಿನಲ್ಲಿ ಒಂದು ಪಾಲನ್ನು ಅವನಿಗೂ ಹಂಚಬಹುದೆಂಬ ಆಸೆ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಅವನು ಎರಡು ಪುಸ್ತಕಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡು, ಹಾಳೆಯನ್ನು ಬೆರಳಲ್ಲಿ ಉಜ್ಜಿ ನೋಡಿದ.

“ಹಳೇದಕ್ಕೇ ಅಲ್ವಾ ಸ್ವಾಮಿ ಹೊಸ ಬೈಂಡು ಹಾಕೋದು? ಇದರ ಕಾಗದ ನೋಡಿ, ಬಟ್ಟೆ ಬಟ್ಟೆ ಇದ್ದಂಗದೆ, ಇನ್ನೂ ಐವತ್ತು ವರ್ಷ ಬತ್ತದೆ. ಆ ಇನ್ನೊಂದು ಯುದ್ಧ ಆದ್ಮೇಲಿನ ಕಾಗದ. ಸೂಜಿ ಚುಚ್ಚಿದ್ರೆ ಅರಿದೋಯ್ತದೆ. ಅದಕ್ಕೇ ನಾನು ಅದನ್ನ ಮುಟ್ಟಲೇ ಇಲ್ಲ.”

ಕೆಂಪು ಪುಸ್ತಕದ ಮೊದಲ ಹಾಳೆಯನ್ನು ಏನು ಮಾಡಿದೆ ಎಂದು ಕೇಳಿದೆ. ಚೂರುಚೂರಾದ ಹಾಳೆಗಳನ್ನು ತೆಗೆದುಹಾಕಬೇಕೆಂದು ನಿಮ್ಮ ಸಮಿತಿಯವರೇ ಹೇಳಿದ್ದರಲ್ಲ ಎಂದ. ಆ ಸಮಿತಿಯಲ್ಲಿ ನಾನೂ ಇದ್ದೆ. ಪುಸ್ತಕಗಳು ಲಕ್ಷಣವಾಗಿ ಕಾಣಲೆಂದು ಆ ಮಾತು ಹೇಳಿದವನು ಬಹುಶಃ ನಾನೇ. ಎದ್ದು ಹೊರಡುವಾಗ ರಾಮಣ್ಣ ಕೆಂಪು ಪುಸ್ತಕದ ಅಂಚನ್ನು ಬೆಳಕಿಗೆ ಹಿಡಿದು, ಬೆರಳಿನ ಕೊಳೆ ಕೊನೆಯ ಹಾಳೆಯವರೆಗೂ ಇರುವುದನ್ನು ತೋರಿಸಿದ. ಇಂಗ್ಲಿಷ್ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಮೊದಲ ಇಪ್ಪತ್ತು ಹಾಳೆ ಕೊಳೆಯಾಗಿ, ಆಮೇಲೆ ಹಾಲಿನಂತಿರುತ್ತದಂತೆ. “ಇದನ್ನ ಜನ ಪೂರಾ ಓದವ್ರೆ ಸ್ವಾಮಿ. ನಂಗೆ ಅಕ್ಷರ ಬರಲ್ಲ, ಆದ್ರೆ ಒಳ್ಳೇ ಪುಸ್ತಕ ಯಾವ್ದು ಅಂತ ಗೊತ್ತಾಯ್ತದೆ” ಎಂದ.

ದಾರಿಯುದ್ದಕ್ಕೂ ಅವನ ಮಾತನ್ನೇ ಯೋಚಿಸಿದೆ. ಅವನು ಹೇಳಿದ್ದು ನಿಜವೇ. ಮನೆಗೆ ಬಂದು ಹರಿದ ಪುಸ್ತಕವನ್ನು ಪೂರ್ತಿ ಓದಲು ಹೊರಟಾಗ ಅದು ಇನ್ನಷ್ಟು ಖಚಿತವಾಯಿತು. ಅದರಲ್ಲಿ ಎಲ್ಲವೂ ಸರಿಯಾಗಿತ್ತು, ಯಾವುದೂ ಅರ್ಥವಾಗುತ್ತಿರಲಿಲ್ಲ. ಬರೆದಾತ ನನಗೆ ಮುಕ್ಕಾಲು ಪಾಲು ಗೊತ್ತಿದೆಯೆಂದು ಭಾವಿಸಿ ಉಳಿದ ಕಾಲು ಪಾಲನ್ನು ಮಾತ್ರ ಹೇಳಿದ್ದ. ಕೆಂಪು ಪುಸ್ತಕ ಓದದೆ ಇದ್ದಿದ್ದರೆ ಇದರ ಎರಡನೆಯ ಪುಟವನ್ನೂ ದಾಟುತ್ತಿರಲಿಲ್ಲ. ಹಳೆಯದನ್ನು ಓದಿದರೆ ವಿಷಯ ತಲೆಗೆ ಹತ್ತುತ್ತದೆ, ತಪ್ಪೂ ಜೊತೆಗೆ ಹತ್ತುತ್ತದೆ. ಹೊಸದನ್ನು ಓದಿದರೆ ತಪ್ಪು ಹತ್ತುವುದಿಲ್ಲ, ಬೇರೇನೂ ಹತ್ತುವುದಿಲ್ಲ. ಎರಡನ್ನೂ ಓದಬೇಕೆಂದು ಹೇಳುವುದು ಸುಲಭ. ಆದರೆ ಒಂದು ಗಂಟೆಯ ಉಪನ್ಯಾಸಕ್ಕೆ ಹದಿನೈದು ದಿನವಿರುವ ಮನುಷ್ಯ ಎರಡು ಓದುತ್ತಾನೆಯೇ? ಇನ್ನು ಗ್ರಹಗಳು ಒಂಬತ್ತು ಎಂಬುದಂತೂ ಈಗ ನಿಶ್ಚಯವಾಗಿದೆ. ಮುಂದೆ ಹತ್ತು ಹನ್ನೊಂದು ಆದರೂ ಆಗಬಹುದು, ಕಡಿಮೆಯಾಗುವ ಭಯವಿಲ್ಲ.

ಇನ್ಸ್‌ಪೆಕ್ಟರ ಮನೆ ಒಂಟಿಕೊಪ್ಪಲಿನಲ್ಲಿತ್ತು. ತಪ್ಪು ನನ್ನದೆಂದು ಬರೆದ ಒಂದು ಕಾಗದವನ್ನೂ ಪ್ಲೂಟೊ ಇದ್ದ ಪುಟಕ್ಕೆ ಗುರುತು ಇಟ್ಟ ಹರಿದ ಪುಸ್ತಕವನ್ನೂ ಚೀಲದಲ್ಲಿಟ್ಟುಕೊಂಡು ಸಾಯಂಕಾಲ ಹೋದೆ. ಅವರು ಜಗಲಿಯಲ್ಲಿ ಕೂತಿದ್ದರು. ಕಾಗದವನ್ನು ಓದಿ ನನ್ನ ಮುಖ ನೋಡಿದರು.

“ಆ ಹುಡುಗಿಗೆ ಎಂಟು ಅಂತ ಹೇಳಿಕೊಟ್ಟೋರು ನೀವೋ? ಮನೇಲಿ ಹಿರಿಯರು ಯಾರೂ ಇಲ್ವೇನ್ರೀ?”

“ತಾಯಿ ಇದ್ದಾರೆ.”

“ಅವರನ್ನ ಕೇಳಿದ್ರೆ ಹೇಳ್ತಿದ್ದರಲ್ಲ ಕಣ್ರೀ” ಎಂದು, ನನಗೆ ಪಾಠ ಹೇಳುವಂತೆ ಬೆರಳು ಮಡಚುತ್ತ ಎಣಿಸಿದರು: ರವಿ, ಚಂದ್ರ, ಮಂಗಳ, ಬುಧ, ಗುರು, ಶುಕ್ರ, ಶನಿ, ರಾಹು, ಕೇತು.

ನನ್ನ ಕೈ ಚೀಲದಲ್ಲಿತ್ತು, ಬೆರಳು ಪ್ಲೂಟೊ ಇದ್ದ ಪುಟದಲ್ಲಿತ್ತು. ಬೇರೆಯವರ ತಪ್ಪು ಕಂಡರೆ ತಿದ್ದದೆ ಬಿಡುವ ಅಭ್ಯಾಸ ನನಗಿಲ್ಲ. ಇಪ್ಪತ್ತು ವರ್ಷ ಅದಕ್ಕೇ ಸಂಬಳ ತೆಗೆದುಕೊಂಡಿದ್ದೇನೆ. ಒಂದು ಮಾತಿನಲ್ಲಿ ಅವರನ್ನು ಸೋಲಿಸಬಹುದಾಗಿತ್ತು. ಸೋತವರು ಪುಟ್ಟಗೌರಮ್ಮನ ಕಾಗದಕ್ಕೆ ರುಜು ಹಾಕುವುದಿಲ್ಲವೆಂಬುದೂ ಗೊತ್ತಿತ್ತು. “ಹೌದು, ಒಂಬತ್ತು” ಎಂದೆ. ಅವರು ಮೆತ್ತಗಾಗಿ, ತಿಂಗಳ ಕೊನೆಯಲ್ಲಿ ಇನ್ನೊಂದು ಸಲ ಹೋಗಿ ನೋಡುತ್ತೇನೆ, ಮಕ್ಕಳು ಸರಿಯಾಗಿ ಹೇಳಿದರೆ ತಮ್ಮ ಅಡ್ಡಿಯೇನೂ ಇಲ್ಲ ಎಂದರು.

ಮುಂದಿನ ಭಾನುವಾರ ಪುಟ್ಟಗೌರಮ್ಮ ಬಂದಾಗ ಎಲ್ಲವನ್ನೂ ಮುಚ್ಚಿಡದೆ ಹೇಳಿದೆ. ಒಂಬತ್ತೆಂದರೆ ಸಾಕು, ಹೆಸರು ಕೇಳಿದರೆ ರಾಹು ಕೇತುಗಳಿರುವ ಪಟ್ಟಿಯನ್ನೇ ಹೇಳಿಸಿಬಿಡು, ಕೆಲಸ ಕಾಯಂ ಆದ ಮೇಲೆ ಪ್ಲೂಟೊವನ್ನು ತಂದರಾಯಿತು ಎಂದು ಬುದ್ಧಿ ಹೇಳಿದೆ. ಅವಳು ಕೇಳಿಸಿಕೊಂಡು, “ಎರಡ್ರಲ್ಲಿ ಶಾಲೇಲಿ ಹೇಳ್ಬೇಕಾದ್ದು ಯಾವುದು ಸಾರ್?” ಎಂದಳು. ಪ್ಲೂಟೊ ಇರುವುದು ಎಂದೆ. “ಅಂಗಾರೆ ಅದನ್ನೇ ಹೇಳ್ಕೊಡ್ತೀನಿ. ಒಂದ್ಸಲ ತಪ್ಪು ಕಲ್ಸಾಯ್ತಲ್ಲ” ಎಂದು ಹರಿದ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿ ತೆಗೆದುಕೊಂಡು ಹೋದಳು. ತಿಂಗಳ ಕೊನೆಯವರೆಗಿನ ಆ ಮೂರು ವಾರ ನನಗೆ ನೆಮ್ಮದಿ ಇರಲಿಲ್ಲ. ತಾಯಿಯವರು ನವಗ್ರಹಗಳಿಗೆ ಅವಳ ಹೆಸರಿನಲ್ಲಿ ಎಣ್ಣೆ ಹಾಕಿಸಿದರು. ಬೇಡವೆನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅವಳು ಮತ್ತೆ ಬಂದದ್ದು ಏಪ್ರಿಲ್‌ನಲ್ಲಿ, ಕಾಯಂ ಆದ ಕಾಗದದ ಜೊತೆಗೆ. ಇನ್ಸ್‌ಪೆಕ್ಟರು ಬಂದು ಸಂಖ್ಯೆ ಕೇಳಿದರಂತೆ, ಮಕ್ಕಳು 'ಒಂಬತ್ತು' ಎಂದುವಂತೆ. ಸರಿ, ಹೆಸರು ಹೇಳಿ ಎಂದರಂತೆ. ನಾಲ್ಕನೆಯ ಕ್ಲಾಸಿನ ಒಂದು ಹೆಣ್ಣುಮಗು ಎದ್ದು ನಿಂತು ಬುಧ, ಶುಕ್ರ, ಭೂಮಿ ಎಂದು ಶುರುಮಾಡಿ ಪ್ಲೂಟೊ ಎಂದು ಮುಗಿಸಿತಂತೆ. ಇನ್ಸ್‌ಪೆಕ್ಟರು ಬೆರಳು ಮಡಚಿ ತಮ್ಮಷ್ಟಕ್ಕೆ ಎಣಿಸಿ, ಒಂಬತ್ತಾದುದನ್ನು ಕಂಡು, ಜೇಬಿನಿಂದ ಡೈರಿ ತೆಗೆದು, “ಕೊನೇದು ಏನಂದೆ ಮಗು, ಇನ್ನೊಂದ್ಸಲ ಹೇಳು” ಎಂದು ಬರೆದುಕೊಂಡರಂತೆ. ವಿಷಯಜ್ಞಾನ ತೃಪ್ತಿಕರ ಎಂದು ಹೊಸ ರಿಮಾರ್ಕು ಬಂದಿತ್ತು. ನಾನು ಆ ಮನುಷ್ಯನ ಬಗ್ಗೆ ಮನಸ್ಸಿನಲ್ಲಿ ಆಡಿಕೊಂಡದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಂಡೆ.

ತಾಯಿಯವರು ಕೊಟ್ಟ ಕೋಡುಬಳೆ ತಿನ್ನುತ್ತ ಪುಟ್ಟಗೌರಮ್ಮ ನೋಟ್‌ಬುಕ್ಕು ತೆರೆದು, ಮಕ್ಕಳಿಗೆ ನಾಡಿನ ಪಾಠ ಮಾಡಬೇಕಾಗಿದೆ, ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ಶಾಸನ ಯಾವುದು ಸಾರ್ ಎಂದು ಕೇಳಿದಳು. ಕೊನೆಗೂ ನನ್ನ ವಿಷಯಕ್ಕೆ ಬಂದಳಲ್ಲ ಎಂದು ಸಂತೋಷವಾಯಿತು. ಯೋಚಿಸುವ ಗೋಜಿಲ್ಲದೆ, ಅದು ಇರುವ ಊರು, ಕೆತ್ತಿಸಿದ ರಾಜ, ಕಾಲ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವಳು ಬರೆದುಕೊಂಡಳು. ಆಮೇಲೆ ಪೆನ್ನನ್ನು ಎತ್ತಿ ಹಿಡಿದು, “ಇದನ್ನ ನೀವು ಓದಿದ್ದು ಯಾವ ವರ್ಷ ಸಾರ್?” ಎಂದು ಕೇಳಿದಳು.

ನಾನು ಕಾಲೇಜಿನಲ್ಲಿದ್ದ ವರ್ಷವನ್ನು ಹೇಳಿದೆ. ಹೇಳುತ್ತಲೇ ಮನಸ್ಸಿನಲ್ಲಿ ಕಳೆದು ನೋಡಿದೆ, ಇಪ್ಪತ್ತಾರು ವರ್ಷವಾಗಿತ್ತು. ಅವಳು ಆ ವರ್ಷವನ್ನೂ ಪಕ್ಕದಲ್ಲಿ ಬರೆದುಕೊಂಡು, “ಇನ್ನೊಬ್ರನ್ನೂ ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬ್ಯಾಡಿ ಸಾರ್” ಎಂದಳು.

ಸ್ವಲ್ಪ ಚುಚ್ಚಿತು, ಇಲ್ಲವೆನ್ನುವುದಿಲ್ಲ. ಕೇಳಮ್ಮ, ಕೇಳಿದ ಮೇಲೆ ಬಂದು ನನಗೂ ಹೇಳು ಎಂದೆ.